ಮಂಗಳೂರಿನ ಅಳಿವೆಯೂ ಉಳ್ಳಾಲದ ಕಡಲ್ಕೊರೆತವೂ

ಲೋಕದ ಪರಿಸರವು ಕೆಡುತ್ತಿದೆಯೆಂಬ ಮಾತು ಈಗ ವಿದ್ಯಾವಂತರೆಲ್ಲರ ಬಾಯಲ್ಲಿಯೂ ಇದೆ. ಧ್ರುವಪ್ರದೇಶದ ಹಿಮ ಕರಗುವುದು, ದೂರದ ದ್ವೀಪಗಳು ಮುಳುಗುವುದು, ಅರಣ್ಯಗಳು ಉರಿದುಹೋಗುವುದು ಮೊದಲಾದುವನ್ನು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯುತ್ತಾರೆ. ಹಾಗೆ ಬರೆಯುವ ವಿದ್ಯಾರ್ಥಿಯನ್ನು, ತಾನು ಕುಳಿತ ಕೊಠಡಿಯಿಂದ ಒಂದು ಗಾವುದವೂ ದೂರವಿಲ್ಲದ ಉಳ್ಳಾಲದಲ್ಲಿ ಮಳೆಗಾಲ ಬಂದಾಗಲೆಲ್ಲ ದಡವು ಕುಸಿದು ಮನೆಗಳು ಬೀಳುವುದೇಕೆಂದು ಕೇಳಿದರೆ, ‘ಕಡಲು ಮುಂದೆ ಬರುತ್ತಿದೆ’ ಎಂಬುದಕ್ಕಿಂತ ಹೆಚ್ಚಿನ ಉತ್ತರ ದೊರೆಯುವುದು ಅಪೂರ್ವ. ಈ ಉತ್ತರ ಸುಳ್ಳಲ್ಲ. ಆದರೆ ಅದು ಅರ್ಧ ಮಾತ್ರ. ಉಳಿದ ಅರ್ಧವು ಹೊಯಿಗೆಯ ವಿಚಾರ. ಕಡಲಿನ ನೀರು ಎಷ್ಟು ಏರಿತೆಂಬುದನ್ನು ಲೋಕದ ವಿಜ್ಞಾನಿಗಳು ಅಳೆದು ಹೇಳುತ್ತಿದ್ದಾರೆ. ದಡಕ್ಕೆ ಎಷ್ಟು ಹೊಯಿಗೆ ಬಂತು, ಎಷ್ಟು ಹೋಯಿತು ಎಂಬುದನ್ನು ನಾವೇ ಲೆಕ್ಕವಿಡಬೇಕು. ಪ್ರಕೃತ ಲೇಖನದಲ್ಲಿ ನಮ್ಮ ಊರಿನ ಅಳಿವೆಯನ್ನು ಮುಂದಿಟ್ಟುಕೊಂಡು ಆ ಲೆಕ್ಕದ ರೀತಿಯನ್ನು ವಿವರಿಸಲು ಉದ್ದೇಶಿಸಿದ್ದೇವೆ.

ಮೊದಲು ಸ್ಥಳದ ಸ್ವರೂಪವನ್ನು ತಿಳಿಯಬೇಕು. ಮಂಗಳೂರು ಎರಡು ಹೊಳೆಗಳ ನಡುವಣ ಊರು. ದಕ್ಷಿಣಕ್ಕೆ ನೇತ್ರಾವತಿ, ಉತ್ತರಕ್ಕೆ ಗುರುಪುರ ಹೊಳೆ. ಇದಕ್ಕೆ ಫಲ್ಗುಣಿಯೆಂದೂ ಹೆಸರು. ಗುರುಪುರ ಹೊಳೆಯು ಕೂಳೂರನ್ನು ದಾಟಿ ಕಡಲಿನ ಸಮೀಪಕ್ಕೆ ಬಂದರೂ ನೇರವಾಗಿ ಅದನ್ನು ಸೇರುವುದಿಲ್ಲ. ದಕ್ಷಿಣಕ್ಕೆ ತಿರುಗಿ, ಕಡಲಿಗೆ ಸಮಾನಾಂತರವಾಗಿ ಹರಿದು, ಹಳೆ ಬಂದರನ್ನು ಹಾದು ನೇತ್ರಾವತಿಯನ್ನು ಸಂಧಿಸುತ್ತದೆ. ಎರಡೂ ಕೂಡಿ ಒಂದೇ ಬಾಯಿಯಿಂದ ಅರಬೀ ಸಮುದ್ರವನ್ನು ಸೇರುತ್ತವೆ. ಈ ಬಾಯಿಯನ್ನೇ ನಮ್ಮ ಜನರು ಅಳಿವೆ ಬಾಗಿಲು ಎನ್ನುವುದು. ಬಾಗಿಲಿನ ಉತ್ತರಕ್ಕೆ, ಹೊಳೆಗೂ ಕಡಲಿಗೂ ನಡುವೆ, ನಾಲಗೆಯಂತೆ ಚಾಚಿಕೊಂಡಿರುವ ಹೊಯಿಗೆನೆಲವೇ ಬೆಂಗರೆ. ದಕ್ಷಿಣಕ್ಕೆ ಅದೇ ರೀತಿಯಲ್ಲಿ ಉತ್ತರಾಭಿಮುಖವಾಗಿ ಚಾಚಿರುವುದು ಉಳ್ಳಾಲದ ಕೋಟೆಪುರ. ಎರಡೂ ಜನವಸತಿಯ ಸ್ಥಳಗಳು. ಎರಡೂ ಅಗಲದಲ್ಲಿ ಬಹು ಕಿರಿದು. ಬಂದರಿನಲ್ಲಿ ದೋಣಿ ಹತ್ತಿ ಹೊಳೆಯನ್ನು ದಾಟಿ ಕಸಬಾ ಬೆಂಗರೆಯಲ್ಲಿ ಇಳಿದವನು ಸ್ವಲ್ಪ ಹೊತ್ತಿನ ನಡಿಗೆಯಲ್ಲಿಯೇ ಕಡಲನ್ನು ಕಾಣುತ್ತಾನೆ.

ಇಲ್ಲಿ ಒಂದು ಮಾತನ್ನು ಪ್ರಾಸಂಗಿಕವಾಗಿ ಹೇಳಬಹುದು. ಕರಾವಳಿಯ ಜನರ ನುಡಿಯಲ್ಲಿ ಹೊಯಿಗೆ, ಬೆಂಗರೆ, ಕೋಡಿ, ಕುದ್ರು, ಅಳಿವೆ ಎಂಬ ಶಬ್ದಗಳು ಎಷ್ಟು ಖಚಿತವಾಗಿ ಬಳಕೆಯಲ್ಲಿವೆಯೆಂದರೆ, ಭೂಗೋಳದ ಪಠ್ಯಪುಸ್ತಕಗಳು ಇವುಗಳಿಗಾಗಿ ಹೊಸ ಪರಿಭಾಷೆಯನ್ನು ಕಟ್ಟುವ ಅಗತ್ಯವೇ ಇರಲಿಲ್ಲ. ಹೊಳೆಯ ನಡುವೆ ಎದ್ದು ನಿಂತ ನೆಲ ಕುದ್ರು. ಹೊಳೆಗೂ ಕಡಲಿಗೂ ನಡುವೆ ಬಿದ್ದಿರುವ ಹೊಯಿಗೆಯ ಪಟ್ಟಿ ಬೆಂಗರೆ. ಅದರ ತುದಿ ಕೋಡಿ. ಹಳೆ ಬಂದರಿನ ಪಕ್ಕದಲ್ಲಿಯೇ ಇರುವ ಹೊಯಿಗೆಬಜಾರವಂತೂ ಊರಿನ ಒಂದು ಭಾಗಕ್ಕೆ ಹೊಯಿಗೆಯ ಹೆಸರನ್ನೇ ಕೊಟ್ಟಿದೆ.

ಈ ಹೊಯಿಗೆಯೆಲ್ಲ ಎಲ್ಲಿಂದ ಬಂತು? ಬಹುಮಟ್ಟಿಗೆ ಘಟ್ಟದಿಂದ ಎನ್ನಬೇಕು. ನೇತ್ರಾವತಿಯು ಕುದುರೆಮುಖದ ಸಾಲಿನಲ್ಲಿ ಹುಟ್ಟಿ, ಬೆಳ್ತಂಗಡಿಯ ಕಡೆಯಿಂದ ಇಳಿದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಬಂಟ್ವಾಳದ ಮೂಲಕ ಮಂಗಳೂರಿಗೆ ಬರುತ್ತದೆ. ಹುಟ್ಟಿನಿಂದ ಕಡಲಿನವರೆಗೆ ಅದರ ಹಾದಿ ಸುಮಾರು 100 ಕಿಲೋಮೀಟರು ಮಾತ್ರ. ಇಷ್ಟು ಕಿರಿದಾದ ಹಾದಿಯಲ್ಲಿ ಅದು ಸಾವಿರ ಮೀಟರಿಗೂ ಮಿಕ್ಕ ಎತ್ತರದಿಂದ ಸಮುದ್ರಮಟ್ಟಕ್ಕೆ ಇಳಿಯಬೇಕು. ಮಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು. ಘಟ್ಟದ ಮೇಲಂತೂ ಇನ್ನೂ ಅಧಿಕ. ಈ ಮಳೆಯ ಬಹುಭಾಗವು ಜೂನ್ ತಿಂಗಳಿನಿಂದ ಸೆಪ್ಟೆಂಬರಿನ ಒಳಗೆ ಸುರಿದು ಮುಗಿಯುತ್ತದೆ. ಇಳಿಜಾರು ಕಡಿದು, ನೀರು ಅಪಾರ, ಕಾಲ ಅಲ್ಪ. ಈ ಮೂರೂ ಸೇರಿದಲ್ಲಿ ಹೊಳೆಗೆ ದೊರೆಯುವ ಬಲವನ್ನು ಆಷಾಢದ ನೇತ್ರಾವತಿಯನ್ನು ಕಂಡವರಿಗೆ ಬಣ್ಣಿಸಬೇಕಾಗಿಲ್ಲ. ಘಟ್ಟದ ಗಟ್ಟಿ ಬಂಡೆಗಳು ಬಿಸಿಲಿಗೂ ಮಳೆಗೂ ಸವೆದು ಪುಡಿಯಾಗುತ್ತವೆ. ಅವುಗಳಲ್ಲಿ ಮೃದುವಾದ ಅಂಶಗಳು ಜೇಡಿಯಾಗಿ ಮಾರ್ಪಟ್ಟು ನೀರನ್ನು ಕೆಂಪಾಗಿಸುತ್ತವೆ. ಗಟ್ಟಿಯಾದ ಬೆಣಚುಕಲ್ಲಿನ ಕಣಗಳು ಹೊಯಿಗೆಯಾಗಿ ಹೊಳೆಯ ತಳದಲ್ಲಿ ಉರುಳುತ್ತ ಬರುತ್ತವೆ. ಜೇಡಿಯು ಹೊಳೆಯ ಬಯಲಿನಲ್ಲಿ ನಿಂತು ಮಂಗಳೂರಿಗೆ ಹೆಂಚಿನ ಉದ್ಯಮವನ್ನು ಕೊಟ್ಟಿತು. 1865ರಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದುದು ಆ ಜೇಡಿಯನ್ನು ನಂಬಿಯೇ. ಹೊಯಿಗೆಯು ಅಳಿವೆಯನ್ನು ಸೇರಿ ಬೆಂಗರೆಗಳನ್ನು ಕಟ್ಟಿತು. ಹೀಗೆ ನಮ್ಮ ಊರಿನ ಮಾಡೂ ಅಂಗಳವೂ ಘಟ್ಟದ ಕೊಡುಗೆಯೇ ಆಗಿದೆ.

ಇನ್ನು ಕಡಲು ಈ ಹೊಯಿಗೆಯನ್ನು ಏನು ಮಾಡುತ್ತದೆಂಬುದನ್ನು ನೋಡೋಣ. ಮುಂಗಾರಿನಲ್ಲಿ ಅಲೆಗಳು ಎತ್ತರವಾಗಿಯೂ ಒಂದರ ಹಿಂದೊಂದು ಬಿಡುವಿಲ್ಲದೆಯೂ ಬರುತ್ತವೆ. ಅಂತಹ ಅಲೆಯು ದಡವನ್ನು ಹೊಡೆದು ಹಿಂದಿರುಗುವಾಗ ಹೊಯಿಗೆಯನ್ನು ಎಳೆದುಕೊಂಡು ಹೋಗಿ, ಸ್ವಲ್ಪ ದೂರದಲ್ಲಿ, ನೀರಿನ ಅಡಿಯಲ್ಲಿ ದಿಬ್ಬವಾಗಿ ಇಡುತ್ತದೆ. ಆ ದಿಬ್ಬಕ್ಕೆ ತಾಗಿ ಮುಂದಿನ ಅಲೆಗಳು ಅಲ್ಲಿಯೇ ಒಡೆದು ಬಲಗುಂದುತ್ತವೆ. ಅಂದರೆ, ದಡವು ತನ್ನ ದೇಹದಿಂದಲೇ ಒಂದಂಶವನ್ನು ತೆತ್ತು ತನಗೆ ಗೋಡೆಯನ್ನು ಕಟ್ಟಿಕೊಳ್ಳುತ್ತದೆ. ಮಳೆಗಾಲ ಮುಗಿದ ಬಳಿಕ, ನೂಲಹುಣ್ಣಿಮೆಯ ಸಮುದ್ರಪೂಜೆಯನ್ನು ಕಳೆದು ಮೊಗವೀರರು ಮೀನುಗಾರಿಕೆಗೆ ಇಳಿಯುವ ದಿನಗಳಿಂದೀಚೆಗೆ, ಅಲೆಗಳು ಕ್ರಮೇಣ ತಗ್ಗಿ ನೀಳವಾಗುತ್ತವೆ. ಆಗ ಅವು ಅದೇ ಹೊಯಿಗೆಯನ್ನು ಸ್ವಲ್ಪಸ್ವಲ್ಪವಾಗಿ ದಡಕ್ಕೆ ಹಿಂದೆ ತರುತ್ತವೆ. ಜನವರಿ ಫೆಬ್ರವರಿಗಳಲ್ಲಿ ದಡವು ಮತ್ತೆ ಅಗಲವಾಗಿ ಕಾಣುವುದು ಈ ಕಾರಣದಿಂದ. ಆದಕಾರಣ ಜುಲೈಯಲ್ಲಿ ದಡ ಕಿರಿದಾದುದನ್ನು ಕಂಡು ಅದನ್ನೇ ಕೊರೆತವೆಂದು ಹೇಳುವುದು ಸರಿಯಲ್ಲ. ಹೋದುದು ಬೇಸಗೆಯ ಹೊತ್ತಿಗೆ ಹಿಂದಿರುಗದಿದ್ದಾಗ ಮಾತ್ರ ಅದನ್ನು ಕೊರೆತವೆನ್ನಬೇಕು. ಒಂದು ಮಳೆಗಾಲದ ಛಾಯಾಚಿತ್ರದಿಂದ ನಿರ್ಣಯ ಮಾಡುವವರು ಈ ಭೇದವನ್ನು ಮರೆಯುತ್ತಾರೆ, ಪತ್ರಿಕೆಗಳೂ ಮರೆಯುತ್ತವೆ.

ಇದು ದಡಕ್ಕೂ ಆಳಕ್ಕೂ ನಡುವಣ ವ್ಯವಹಾರ. ಇದಲ್ಲದೆ ದಡದುದ್ದಕ್ಕೂ ನಡೆಯುವ ಇನ್ನೊಂದು ಸಂಚಾರವಿದೆ. ಅಲೆಯು ದಡಕ್ಕೆ ಓರೆಯಾಗಿ ಬಂದಾಗ ಹೊಯಿಗೆಯು ಆ ಓರೆಯ ದಿಕ್ಕಿನಲ್ಲಿ ಸರಿಯುತ್ತ ಹೋಗುತ್ತದೆ. ನಮ್ಮ ಕರಾವಳಿಯಲ್ಲಿ ಈ ಸಂಚಾರವು ಋತುವಿಗೆ ತಕ್ಕಂತೆ ಕೆಲವು ತಿಂಗಳು ಒಂದು ಕಡೆಗೂ ಕೆಲವು ತಿಂಗಳು ಇನ್ನೊಂದು ಕಡೆಗೂ ಇರುವುದು. ಅಳಿವೆಗಳ ಸಮೀಪದಲ್ಲಿ ಹೊಳೆಯ ಪ್ರವಾಹವೂ ಭರತ ಇಳಿತಗಳೂ ಸೇರಿ ಇದು ಮತ್ತಷ್ಟು ಜಟಿಲವಾಗುತ್ತದೆ. ಸೋಮೇಶ್ವರದ ದೇವಾಲಯದ ಬಳಿಯ ರುದ್ರಪಾದೆಯ ಮೇಲೆ ನಿಂತು ನೋಡಿದರೆ ಬಂಡೆ ಕದಲದೆ ಇರುವುದೂ, ಅದರ ಎರಡು ಪಕ್ಕದ ಹೊಯಿಗೆ ವರ್ಷದಲ್ಲಿ ಏರಿಳಿಯುವುದೂ ಸ್ಪಷ್ಟವಾಗಿ ಗೋಚರಿಸುತ್ತದೆ. ಹಿಂದೆ ರಂಪಣಿಯ ಬಲೆಯನ್ನು ಎಳೆಯುತ್ತಿದ್ದ ಮೊಗವೀರರಿಗೆ ಈ ಏರಿಳಿತವು ಬಾಯಿಪಾಠವಾಗಿತ್ತು. ಏಕೆಂದರೆ ಆ ದೊಡ್ಡ ಬಲೆಯನ್ನು ನೂರಾರು ಜನ ನಿಂತು ಎಳೆಯುವುದಕ್ಕೆ ಅಗಲವಾದ ದಡವೇ ಮೊದಲ ಬಂಡವಾಳ. ರಂಪಣಿಯು ಕ್ಷೀಣಿಸಿದುದಕ್ಕೆ 1970ರ ದಶಕದಲ್ಲಿ ಬಂದ ಪರ್ಸೀನ್ ಬಲೆಯೇ ಮುಖ್ಯ ಕಾರಣವೆಂಬುದು ಎಲ್ಲರಿಗೂ ತಿಳಿದ ವಿಷಯ. ಆದರೂ ಈಗ ಉಳಿದಿರುವ ಕೈರಂಪಣಿಗಾದರೂ ದಡ ಬೇಕಲ್ಲವೇ?

ಮಂಗಳೂರಿನ ಇತಿಹಾಸವು ಒಂದು ದೃಷ್ಟಿಯಿಂದ ಅಳಿವೆಯ ಹೊಯಿಗೆಯೊಡನೆ ನಡೆದ ವ್ಯಾಜ್ಯದ ಇತಿಹಾಸವೇ ಆಗಿದೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆಯು ಮಂಗಳೂರಿಗೆ ಬಂದು ಉಳ್ಳಾಲದ ರಾಣಿಯನ್ನು ಕಂಡು ಹೋದ ಕಾಲಕ್ಕೆ ಈ ರೇವು ಆಗಲೇ ಪ್ರಸಿದ್ಧವಾಗಿತ್ತು. ಹಾಯಿಹಡಗುಗಳಿಗೆ ಅಳಿವೆಯ ಆಳ ಸಾಕಾಗುತ್ತಿತ್ತು. ಹಡಗುಗಳು ದೊಡ್ಡವಾದಂತೆ ಅವು ಹೊರಗೆ, ಕಡಲಿನಲ್ಲಿಯೇ ಲಂಗರು ಹಾಕಿ ನಿಲ್ಲಬೇಕಾಯಿತು. ಸರಕು ದೋಣಿಗಳಲ್ಲಿ ಹೋಗಿ ಬರಬೇಕಾಯಿತು. ಮಳೆಗಾಲದಲ್ಲಿ ಅದೂ ನಿಲ್ಲುತ್ತಿತ್ತು. ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳು ಇಂದಿಗೂ ಹಳೆ ಬಂದರಿನಿಂದಲೇ ಹೊರಡುತ್ತವೆ. ಆದರೆ ದೊಡ್ಡ ವ್ಯಾಪಾರಕ್ಕೆ ಹೊಯಿಗೆಯ ಈ ಅಡ್ಡಿಯಿಂದ ದೂರವಾದ ಸ್ಥಳ ಬೇಕಾಯಿತು. ಹೀಗೆ ಪಣಂಬೂರಿನಲ್ಲಿ ದಡವನ್ನೇ ಅಗೆದು ಒಳಗೆ ಕೊಳವನ್ನು ಮಾಡಿ ನವಮಂಗಳೂರು ಬಂದರನ್ನು ಕಟ್ಟಿದರು. 1974ರಲ್ಲಿ ಅದು ಪ್ರಧಾನ ಬಂದರೆಂದು ಘೋಷಿತವಾಗಿ, 1975ರ ಜನವರಿಯಲ್ಲಿ ಅದರ ಉದ್ಘಾಟನೆ ನಡೆಯಿತು. ಅದರ ಬಾಯಿಯ ಎರಡು ಪಕ್ಕಗಳಲ್ಲಿ ಕಡಲೊಳಕ್ಕೆ ಚಾಚಿದ ಕಲ್ಲಿನ ಅಲೆತಡೆಗಳಿವೆ. ಜನರು ಇವನ್ನು ಬ್ರೇಕ್‌ವಾಟರ್ ಎಂದೇ ಕರೆಯುತ್ತಾರೆ. ಅನಂತರ 1990ರ ದಶಕದಲ್ಲಿ ನಮ್ಮ ಅಳಿವೆ ಬಾಗಿಲಿನ ಎರಡು ಪಕ್ಕಗಳಲ್ಲಿಯೂ, ಬೆಂಗರೆಯ ಕಡೆಗೊಂದು ಉಳ್ಳಾಲದ ಕಡೆಗೊಂದರಂತೆ, ಇಂತಹ ಅಲೆತಡೆಗಳನ್ನು ಕಟ್ಟಲಾಯಿತು. ಮೀನುಗಾರಿಕೆಯ ದೋಣಿಗಳು ಬಾಗಿಲನ್ನು ದಾಟುವಾಗ ಹೊಯಿಗೆಯ ದಿಬ್ಬಕ್ಕೆ ಸಿಕ್ಕಿ ಮಗುಚುತ್ತಿದ್ದುದನ್ನು ತಪ್ಪಿಸುವ ಉದ್ದೇಶ ಯೋಗ್ಯವಾದುದೇ ಸರಿ.

ಆದರೆ ಹೊಯಿಗೆಯು ನಮ್ಮ ಉದ್ದೇಶವನ್ನು ಕೇಳಿಕೊಂಡು ನಡೆಯತಕ್ಕದ್ದಲ್ಲ. ದಡದುದ್ದಕ್ಕೆ ಸಂಚರಿಸುವ ಹೊಯಿಗೆಗೆ ಅಡ್ಡಲಾಗಿ ಕಲ್ಲಿನ ತೋಳೊಂದನ್ನು ಚಾಚಿದರೆ, ತೋಳಿನ ಒಂದು ಪಕ್ಕದಲ್ಲಿ ಅದು ಸಂಚಯವಾಗುತ್ತದೆ. ಇನ್ನೊಂದು ಪಕ್ಕಕ್ಕೆ ಬರಬೇಕಾದುದು ಬಾರದೆ ಅಲ್ಲಿಯ ದಡ ಬಡವಾಗುತ್ತದೆ. ಬೆಂಗರೆಯ ತುದಿಯಲ್ಲಿ ಅಲೆತಡೆಯ ಬಗಲಿಗೆ ದಡ ಬೆಳೆಯಿತು. ಬಾಗಿಲಿನ ದಕ್ಷಿಣಕ್ಕೆ ಉಳ್ಳಾಲದಲ್ಲಿ ಕೊರೆತ ಬಲವಾಯಿತು. ಕಿರಿದಾದ ಕೋಟೆಪುರದ ನಾಲಗೆಯು ಹಿಂದಿನಿಂದಲೂ ಸ್ಥಿರವಾದುದಾಗಿರಲಿಲ್ಲವೆಂಬುದನ್ನು ಒಪ್ಪಬೇಕು. ಅಲೆತಡೆಯೊಂದೇ ಎಲ್ಲಕ್ಕೂ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಅಸ್ಥಿರವಾದುದನ್ನು ಅದು ಇನ್ನಷ್ಟು ಅಸ್ಥಿರಗೊಳಿಸಿತೆಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ.

ಇಂತಹ ಫಲ ನಮ್ಮ ಊರಿಗೆ ಮಾತ್ರ ಒದಗಿದುದಲ್ಲ. ಮದರಾಸಿನಲ್ಲಿ 1876ರಿಂದ ಬಂದರಿನ ಅಲೆತಡೆಗಳನ್ನು ಕಟ್ಟತೊಡಗಿದ ಮೇಲೆ ದಕ್ಷಿಣದಲ್ಲಿ ಹೊಯಿಗೆ ಸೇರಿ ಸೇರಿ ಮರೀನಾ ದಡವು ವಿಶಾಲವಾಯಿತು. ಉತ್ತರದ ರಾಯಪುರಂ ಭಾಗವನ್ನು ಕಡಲು ತಿಂದಿತು. ಮರೀನಾದಲ್ಲಿ ಗಾಳಿಸೇವನೆಗೆ ಹೋಗುವ ಲಕ್ಷಾಂತರ ಜನರಲ್ಲಿ ಆ ದಡದ ಬೆಲೆಯನ್ನು ರಾಯಪುರಂ ತೆತ್ತಿತೆಂದು ಬಲ್ಲವರೆಷ್ಟು ಮಂದಿ? ನೂರು ವರ್ಷಗಳ ಈ ಅನುಭವ ಕಣ್ಣೆದುರಿಗಿದ್ದರೂ 1980ರ ದಶಕದ ಕೊನೆಯಲ್ಲಿ ಪುದುಚೇರಿಯಲ್ಲಿ ಬಂದರು ಕಟ್ಟಿದಾಗ ಅದೇ ಪಾಠ ಪುನರಾವೃತ್ತಿಯಾಯಿತು. ಬಂದರಿನ ಉತ್ತರಕ್ಕಿದ್ದ ನಗರದ ದಡ ಮಾಯವಾಗಿ ಕಲ್ಲಿನ ರಾಶಿ ಉಳಿಯಿತು. ಅಲ್ಲಿ ಈಚೆಗೆ ನೀರಿನಡಿಯಲ್ಲಿ ದಿಬ್ಬವೊಂದನ್ನು ನಿರ್ಮಿಸಿದ ಮೇಲೆ ಸ್ವಲ್ಪ ಭಾಗದಲ್ಲಿ ಹೊಯಿಗೆಯು ಮರಳಿ ಬಂದಿದೆ.

ಉಳ್ಳಾಲದ ದಡಕ್ಕೆ ಮರಳೋಣ. ಕೋಟೆಪುರದಿಂದ ಹೊರಟು ಮೊಗವೀರಪಟ್ಣ, ಸೋಮೇಶ್ವರ, ಉಚ್ಚಿಲಗಳ ಕಡೆಗೆ ನಾವು ವಿದ್ಯಾರ್ಥಿಗಳೊಡನೆ ನಡೆದಾಗ ಕಂಡ ನೋಟ ಸಾಮಾನ್ಯವಾಗಿ ಒಂದೇ: ಬೇರು ಹೊರಬಿದ್ದು ಕಡಲ ಕಡೆಗೆ ಬಾಗಿದ ತೆಂಗಿನ ಮರಗಳು, ಅರ್ಧ ಉಳಿದ ಸಿಮೆಂಟಿನ ನೆಲ, ಕಗ್ಗಲ್ಲಿನ ದೊಡ್ಡ ದೊಡ್ಡ ಬಂಡೆಗಳನ್ನು ಸುರಿದು ಮಾಡಿದ ತಡೆಗೋಡೆ, ಅದರ ಮುಂದೆ ಭರತದ ಹೊತ್ತಿನಲ್ಲಿ ದಡವೇ ಇಲ್ಲದೆ ನೇರವಾಗಿ ಕಲ್ಲಿಗೆ ಬಡಿಯುವ ಅಲೆ. ಅಲ್ಲಿನ ಜನರಿಗೆ ಈ ಕಲ್ಲಿನಲ್ಲಿ ನಂಬಿಕೆಯಿದೆ. ಮಳೆಗಾಲ ಹತ್ತಿರವಾದಂತೆ ಕಲ್ಲು ಹಾಕಿಸಿರೆಂದು ಅವರು ಅಧಿಕಾರಿಗಳನ್ನು ಕೇಳುತ್ತಾರೆ, ಕಲ್ಲು ಬರುತ್ತದೆ. ಕೆಲವು ವರ್ಷಗಳಲ್ಲಿ ಅದು ಹೊಯಿಗೆಯೊಳಗೆ ಇಳಿದುಹೋಗುತ್ತದೆ, ಮತ್ತೆ ಕಲ್ಲು ಬೇಕಾಗುತ್ತದೆ.

ಈ ಇಳಿಯುವಿಕೆಯ ಕಾರಣ ಸರಳವಾಗಿದೆ. ಇಳಿಜಾರಾದ ಹೊಯಿಗೆಯ ದಡದ ಮೇಲೆ ಅಲೆಯು ಓಡಿ ಬಂದು, ಹರಡಿ, ನೀರು ಹೊಯಿಗೆಯೊಳಗೆ ಇಂಗಿ, ತನ್ನ ಬಲವನ್ನು ಕಳೆದುಕೊಳ್ಳುತ್ತದೆ. ಕಲ್ಲಿನ ಗೋಡೆಗೆ ಬಡಿದ ಅಲೆಗೆ ಹರಡಲು ಅವಕಾಶವಿಲ್ಲ. ಅದು ಪುಟಿದು ಹಿಂದಿರುಗುವಾಗ ಗೋಡೆಯ ಬುಡದ ಹೊಯಿಗೆಯನ್ನು ಕಿತ್ತುಕೊಂಡು ಹೋಗುತ್ತದೆ. ಬುಡ ಆಳವಾದಷ್ಟೂ ಮುಂದಿನ ಅಲೆ ಎತ್ತರವಾಗಿ ಬರುತ್ತದೆ. ಹೀಗೆ ಗೋಡೆಯ ಹಿಂದಿನ ಮನೆ ಕೆಲವು ಕಾಲ ಉಳಿಯುತ್ತದೆ, ಗೋಡೆಯ ಮುಂದಿನ ದಡ ಹೋಗುತ್ತದೆ. ಗೋಡೆ ಮುಗಿಯುವಲ್ಲಿ ಅಲೆಯ ಬಲವೆಲ್ಲ ನೆರೆಯವನ ತೋಟದ ಮೇಲೆ ತಿರುಗುತ್ತದೆ. ಆಗ ನೆರೆಯವನೂ ಗೋಡೆ ಕೇಳುತ್ತಾನೆ. ಅವನನ್ನು ತಪ್ಪೆನ್ನುವ ಅಧಿಕಾರ ನಮಗಿಲ್ಲ. ರಾತ್ರಿಯ ಹೊತ್ತು ಅಂಗಳಕ್ಕೆ ನೀರು ನುಗ್ಗಿದವನಿಗೆ ಹೊಯಿಗೆಯ ಸಿದ್ಧಾಂತವನ್ನು ಬೋಧಿಸುವುದು ವಿದ್ವಾಂಸರಿಗೆ ಶೋಭಿಸುವ ಕೆಲಸವಲ್ಲ. ಆದರೆ ಆ ಕಲ್ಲಿಗೆ ವೆಚ್ಚವಾಗುವ ಸಾರ್ವಜನಿಕ ಹಣದ ಒಂದು ಪಾಲು ಅದೇ ಮನೆಗೆ ಹಿಂದೆ, ಎತ್ತರದಲ್ಲಿ, ನಿವೇಶನ ಕೊಡುವುದಕ್ಕೆ ಒದಗಿದ್ದರೆ ಹೇಗಿರುತ್ತಿತ್ತು ಎಂಬ ಪ್ರಶ್ನೆಯನ್ನು ನಿರ್ಣಯಾಧಿಕಾರವುಳ್ಳವರ ಮುಂದೆ ಇಡದೆ ವಿಧಿಯಿಲ್ಲ. ಕಡಲನ್ನು ನಂಬಿ ಬದುಕುವವನನ್ನು ಕಡಲಿನಿಂದ ಎಷ್ಟು ದೂರ ಒಯ್ಯಬಹುದೆಂಬುದೂ ಅದರೊಡನೆಯೇ ಬರುವ ಪ್ರಶ್ನೆ. ಬಲೆ ದೋಣಿಗಳನ್ನು ದಡದಲ್ಲಿ ಬಿಟ್ಟು ಮೂರು ಮೈಲಿಯಾಚೆ ಮಲಗುವುದು ಮೀನುಗಾರನಿಗೆ ಸಾಧ್ಯವಾಗದು.

ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ 2010ರ ಅನಂತರ ಉಳ್ಳಾಲದಲ್ಲಿ ಕೈಗೊಂಡ ಯೋಜನೆಯು ಈ ವಿಷಯದಲ್ಲಿ ಹಿಂದಿನವುಗಳಿಗಿಂತ ವಿವೇಕಯುತವಾದುದು. ಅಳಿವೆಯ ಅಲೆತಡೆಗಳನ್ನು ಸರಿಪಡಿಸುವುದರೊಡನೆ, ದಡದಿಂದ ದೂರದಲ್ಲಿ ನೀರಿನಡಿಯ ದಿಬ್ಬಗಳನ್ನು ನಿರ್ಮಿಸಿ ಅಲೆಯನ್ನು ಅಲ್ಲಿಯೇ ಒಡೆಯುವ ತತ್ತ್ವವನ್ನು ಅದು ಅನುಸರಿಸಿತು. ಮೇಲೆ ಹೇಳಿದಂತೆ ದಡವು ಮಳೆಗಾಲದಲ್ಲಿ ತಾನಾಗಿ ಮಾಡಿಕೊಳ್ಳುವ ಕೆಲಸವೇ ಇದು. ಅದರ ಬಳಿಕವೂ ಸೋಮೇಶ್ವರ, ಉಚ್ಚಿಲಗಳ ಕಡೆ ಕೊರೆತ ನಿಂತಿಲ್ಲ. ಉತ್ತರದಲ್ಲಿ ಬೈಕಂಪಾಡಿಯ ಮೀನಕಳಿಯದಲ್ಲಿಯೂ ದಡ ಕುಸಿಯುತ್ತಿರುವುದನ್ನು ಕಾಣುತ್ತೇವೆ. ರೋಗ ಒಂದು ಅಂಗದ್ದಾಗಿದ್ದರೆ ಒಂದು ಲೇಪದಿಂದ ವಾಸಿಯಾಗಬಹುದಿತ್ತು.

ಇದುವರೆಗೆ ಖರ್ಚಿನ ಮಾತಾಯಿತು. ಜಮೆಯ ಬದಿಯನ್ನು ನೋಡಿದರೆ ಚಿಂತೆ ಇನ್ನೂ ಹೆಚ್ಚುತ್ತದೆ. ಘಟ್ಟದಿಂದ ಇಳಿದ ಹೊಯಿಗೆ ಅಳಿವೆಯನ್ನು ತಲಪುವ ಮೊದಲೇ ಹೊಳೆಯಿಂದ ಮೇಲಕ್ಕೆ ಬರುತ್ತಿದೆ. ಸಿಮೆಂಟು ಕಾಂಕ್ರೀಟಿನ ಮನೆಗೆ ಹೊಳೆಯ ಹೊಯಿಗೆಯಷ್ಟು ಒಳ್ಳೆಯದು ಬೇರೆಯಿಲ್ಲ. ಮಂಗಳೂರು ನಗರವು ಕಳೆದ ನಾಲ್ಕೈದು ದಶಕಗಳಲ್ಲಿ ಮುರಕಲ್ಲಿನ ಗೋಡೆಯನ್ನೂ ಹೆಂಚಿನ ಮಾಡನ್ನೂ ಬಿಟ್ಟು ಹತ್ತು ಇಪ್ಪತ್ತು ಅಂತಸ್ತಿನ ಕಟ್ಟಡಗಳಿಗೆ ಏರಿದಾಗ, ಅಷ್ಟಕ್ಕೂ ಹೊಯಿಗೆ ಎಲ್ಲಿಂದ ಬಂತೆಂದು ಕೇಳಿದವರು ವಿರಳ. ನೇತ್ರಾವತಿಯಲ್ಲಿ ದೋಣಿಯಿಂದ ಮುಳುಗಿ ಬುಟ್ಟಿಯಲ್ಲಿ ಹೊಯಿಗೆ ತೆಗೆಯುವುದು ಹಳೆಯ ಕಸುಬು. ಕರಾವಳಿ ನಿಯಂತ್ರಣ ವಲಯದಲ್ಲಿ ದೋಣಿಸಂಚಾರಕ್ಕೆ ಅಡ್ಡಿಯಾಗುವ ದಿಬ್ಬಗಳನ್ನು ಸಾಂಪ್ರದಾಯಿಕ ಕಸುಬಿನವರು ಯಂತ್ರವಿಲ್ಲದೆ ತೆಗೆಯಲು ಅನುಮತಿ ಕೊಡುವ ಪದ್ಧತಿಯೂ ಇದೆ. ಆದರೆ ಅನುಮತಿಯ ಹೆಸರಿನಲ್ಲಿಯೂ ಅನುಮತಿಯಿಲ್ಲದೆಯೂ ಯಂತ್ರದಿಂದ ತೆಗೆಯುವುದು ಗುಟ್ಟಿನ ವಿಷಯವಲ್ಲ. ಇದು ಲೋಕವ್ಯಾಪಿಯಾದ ಸಮಸ್ಯೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2022ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಮಾನವಕುಲವು ವರ್ಷಕ್ಕೆ ಸುಮಾರು 5,000 ಕೋಟಿ ಟನ್ನು ಹೊಯಿಗೆ ಮತ್ತು ಜಲ್ಲಿಯನ್ನು ಬಳಸುತ್ತಿದೆ. ನೀರನ್ನು ಬಿಟ್ಟರೆ ಮನುಷ್ಯನು ಇಷ್ಟು ಪ್ರಮಾಣದಲ್ಲಿ ಬಳಸುವ ವಸ್ತು ಇನ್ನೊಂದಿಲ್ಲ.

ಇನ್ನೊಂದು ಅಂಶ ಅಣೆಕಟ್ಟುಗಳು. ಮಂಗಳೂರಿಗೆ ಕುಡಿಯುವ ನೀರು ಬರುವುದು ತುಂಬೆಯ ಕಿಂಡಿ ಅಣೆಕಟ್ಟಿನಿಂದ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕು ಮಳೆ ಬೀಳುವ ಈ ಊರು 2016ರ ಬೇಸಗೆಯಲ್ಲಿಯೂ 2019ರ ಬೇಸಗೆಯಲ್ಲಿಯೂ ನೀರಿಗಾಗಿ ಬಾಯಿಬಿಟ್ಟುದನ್ನು ವಾಚಕರು ಮರೆತಿರಲಾರರು. ಆದುದರಿಂದ ತುಂಬೆಯಲ್ಲಿ ಹೆಚ್ಚು ಎತ್ತರದ ಹೊಸ ಅಣೆಕಟ್ಟು ಆದುದನ್ನಾಗಲಿ, ಉಪ್ಪುನೀರನ್ನು ತಡೆಯಲು ಹರೇಕಳ ಅಡ್ಯಾರುಗಳ ನಡುವೆ ಕಿಂಡಿ ಅಣೆಕಟ್ಟು ಆದುದನ್ನಾಗಲಿ ಆಕ್ಷೇಪಿಸುವುದು ಸಾಧ್ಯವಿಲ್ಲ. ಕಿಂಡಿ ಅಣೆಕಟ್ಟುಗಳ ಬಾಗಿಲನ್ನು ಮಳೆಗಾಲದಲ್ಲಿ ತೆರೆಯುವುದರಿಂದ ದೊಡ್ಡ ಜಲಾಶಯಗಳಂತೆ ಅವು ಎಲ್ಲ ಹೊಯಿಗೆಯನ್ನೂ ಹಿಡಿದಿಡುವುದಿಲ್ಲವೆಂಬ ಸಮಾಧಾನವೂ ಇದೆ. ಆದರೆ ಹೊಳೆಯ ತಳದ ಮೇಲೆ ಅಡ್ಡಲಾಗಿ ನಿಂತ ಒಂದೊಂದು ಕಟ್ಟೆಯೂ ತಳದಲ್ಲಿ ಉರುಳಿ ಬರುವ ಕಣಗಳಿಗೆ ಒಂದೊಂದು ಹೊಸ್ತಿಲು. ಘಟ್ಟದ ಮೇಲೆ ಎತ್ತಿನಹೊಳೆಯ ಯೋಜನೆಯು 24.01 ಟಿ.ಎಂ.ಸಿ. ನೀರನ್ನು ಮಳೆಗಾಲದಲ್ಲಿ ಪೂರ್ವಕ್ಕೆ ತಿರುಗಿಸುವ ಲೆಕ್ಕದಿಂದ ಹೊರಟಿತು; 2024ರ ಸೆಪ್ಟೆಂಬರಿನಲ್ಲಿ ಅದರ ಮೊದಲ ಹಂತಕ್ಕೆ ಚಾಲನೆ ದೊರೆಯಿತು. ಕೋಲಾರ ಚಿಕ್ಕಬಳ್ಳಾಪುರಗಳ ಜನರ ಬಾಯಾರಿಕೆ ಸುಳ್ಳಲ್ಲ. ಆದರೆ ಆ ಯೋಜನೆಯ ಪರವಾಗಿ ಪದೇ ಪದೇ ಕೇಳಿಬಂದ ಒಂದು ವಾಕ್ಯವಿದೆ: ಇದು ಕಡಲಿಗೆ ಹರಿದು ವ್ಯರ್ಥವಾಗುವ ನೀರು ಎಂಬುದು. ನಮ್ಮ ತಕರಾರು ಈ ಒಂದು ಶಬ್ದದ ಮೇಲೆ. ಮಳೆಗಾಲದ ನೆರೆಯೇ ಹೊಯಿಗೆಯನ್ನು ಹೊತ್ತು ತರುವ ವಾಹನ. ಬೇಸಗೆಯ ಹೊಳೆಗೆ ಆ ಶಕ್ತಿಯಿಲ್ಲ. ಕಡಲಿಗೆ ಹರಿದ ನೆರೆನೀರು ಬೆಂಗರೆಯನ್ನೂ ಕೋಟೆಪುರವನ್ನೂ ಕಟ್ಟಿದೆ, ಮೀನಿಗೆ ಆಹಾರವನ್ನು ತಂದಿದೆ. ಅದು ವ್ಯರ್ಥವೆನ್ನುವವರು ಲೆಕ್ಕದ ಪುಸ್ತಕದಲ್ಲಿ ಒಂದು ಪುಟವನ್ನು ಓದಿಲ್ಲವೆಂದೇ ಹೇಳಬೇಕಾಗಿದೆ.

ಈ ಪುಟವನ್ನು ಓದದೆ ಹೋದುದರ ಫಲ ಏನೆಂಬುದನ್ನು ಬೇರೆ ದೇಶಗಳಲ್ಲಿ ಕಾಣಬಹುದು. ನೈಲ್ ನದಿಗೆ ಅಸ್ವಾನಿನಲ್ಲಿ ಕಟ್ಟಿದ ಮಹಾ ಅಣೆಕಟ್ಟು 1970ರಲ್ಲಿ ಪೂರ್ಣಗೊಂಡಿತು. ಸಾವಿರಾರು ವರ್ಷಗಳಿಂದ ನೆರೆಯ ಮಣ್ಣಿನಿಂದ ಬೆಳೆದುಬಂದಿದ್ದ ಅದರ ಮುಖಜಭೂಮಿಗೆ ಆ ಮಣ್ಣು ನಿಂತುಹೋಗಿ, ರೊಸೆಟ್ಟಾದ ಬಳಿ ದಡವು ತೀವ್ರವಾಗಿ ಹಿಂದೆ ಸರಿಯಿತು. ಘಾನಾ ದೇಶದಲ್ಲಿ ವೋಲ್ಟಾ ನದಿಗೆ 1965ರಲ್ಲಿ ಅಕೊಸೊಂಬೊ ಅಣೆಕಟ್ಟು ಆಯಿತು. ಅದರ ಪೂರ್ವಕ್ಕಿರುವ, ಮೊದಲೇ ಕೊರೆತಕ್ಕೆ ಗುರಿಯಾಗಿದ್ದ ಕೇಟಾ ಪಟ್ಟಣದ ಸಂಕಟ ಇನ್ನೂ ಹೆಚ್ಚಿತು. ನೇತ್ರಾವತಿಯನ್ನು ನೈಲಿಗೆ ಹೋಲಿಸುವುದು ಪ್ರಮಾಣದ ದೃಷ್ಟಿಯಿಂದ ಹಾಸ್ಯಾಸ್ಪದವೇ ಸರಿ, ಆದರೆ ಹೊಯಿಗೆಯ ನಿಯಮ ಎರಡಕ್ಕೂ ಒಂದೇ.

ಇನ್ನು ಆರಂಭದಲ್ಲಿ ಹೇಳಿದ ವಿದ್ಯಾರ್ಥಿಯ ಉತ್ತರಕ್ಕೆ ಬರೋಣ. ಕಡಲು ಏರುತ್ತಿರುವುದು ನಿಜ. ಹವಾಮಾನ ಬದಲಾವಣೆಯ ಅಂತರಸರ್ಕಾರೀ ಮಂಡಲಿಯು 2021ರಲ್ಲಿ ಕೊಟ್ಟ ವರದಿಯಂತೆ 1901ರಿಂದ 2018ರವರೆಗೆ ಲೋಕದ ಸರಾಸರಿ ಸಮುದ್ರಮಟ್ಟವು ಸುಮಾರು 20 ಸೆಂಟಿಮೀಟರು ಏರಿದೆ. ಏರುವ ವೇಗವೂ ಹೆಚ್ಚಿ, 2006ರಿಂದ 2018ರ ಅವಧಿಯಲ್ಲಿ ವರ್ಷಕ್ಕೆ 3.7 ಮಿಲಿಮೀಟರಿನಷ್ಟಾಗಿತ್ತು. ನಾವು ಗಾಳಿಗೆ ಬಿಡುವ ಇಂಗಾಲದ ಅನಿಲಗಳನ್ನು ಬೇಗನೆ ತಗ್ಗಿಸಿದರೆ 2100ರ ವೇಳೆಗೆ ಏರಿಕೆಯು 28ರಿಂದ 55 ಸೆಂಟಿಮೀಟರಿನೊಳಗೆ ನಿಲ್ಲುವ ಸಂಭವವಿದೆಯೆಂದೂ, ಬಹಳ ಹೆಚ್ಚಿಸಿದರೆ 63ರಿಂದ 101 ಸೆಂಟಿಮೀಟರಿನವರೆಗೆ ಹೋಗಬಹುದೆಂದೂ ಅದೇ ವರದಿ ಎಣಿಸಿದೆ. ಅಂಗೈಯಷ್ಟು ನೀರು ಏರಿದರೆ ಏನಾದೀತೆಂದು ಕೇಳುವವರಿಗೆ ಡೆನ್ಮಾರ್ಕಿನಲ್ಲಿ ಹುಟ್ಟಿದ ಎಂಜಿನಿಯರು ಪೆರ್ ಬ್ರೂನರು 1962ರಲ್ಲಿ ಮಂಡಿಸಿದ ಸೂತ್ರವನ್ನು ತೋರಿಸಬಹುದು. ಅದರಂತೆ ಹೊಯಿಗೆಯ ದಡವು, ನೀರು ಏರಿದಷ್ಟರ ಐವತ್ತರಿಂದ ನೂರು ಪಾಲಿನಷ್ಟು ಹಿಂದಕ್ಕೆ ಸರಿಯುತ್ತದೆ. ಅಂದರೆ 20 ಸೆಂಟಿಮೀಟರಿಗೆ 10ರಿಂದ 20 ಮೀಟರು. ಈ ಸೂತ್ರವನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ದಡಕ್ಕೆ ಹೊಯಿಗೆ ಬರುವುದೂ ಹೋಗುವುದೂ ಇಲ್ಲವೆಂದು ಊಹಿಸಿಕೊಂಡು ಅದನ್ನು ಕಟ್ಟಿದೆ. ಆದರೆ ನಮ್ಮ ವಾದಕ್ಕೆ ಅದರ ಈ ಕೊರತೆಯೇ ಸಾಕ್ಷಿ. ಜಮೆ ಸಾಕಷ್ಟಿರುವ ದಡವು ಏರುವ ಕಡಲಿನೊಡನೆ ತಾನೂ ಏರಬಲ್ಲದು. ಜಮೆಯಿಲ್ಲದ ದಡಕ್ಕೆ ಆ ಸೂತ್ರದಲ್ಲಿ ಹೇಳಿದುದಕ್ಕಿಂತಲೂ ಹೆಚ್ಚಿನ ನಷ್ಟ ಒದಗುತ್ತದೆ.

ಇದರ ಮೇಲೆ ಅರಬೀ ಸಮುದ್ರದ ಸ್ವಭಾವವೇ ಬದಲಾಗುತ್ತಿದೆ. ಚಂಡಮಾರುತಗಳೆಂದರೆ ಬಂಗಾಳ ಕೊಲ್ಲಿಯವು ಎಂಬುದು ನಮ್ಮ ಹಿರಿಯರ ತಿಳಿವಳಿಕೆಯಾಗಿತ್ತು. ಈಚಿನ ದಶಕಗಳಲ್ಲಿ ಅರಬೀ ಸಮುದ್ರವು ಬಿಸಿಯಾಗಿ ಅಲ್ಲಿಯೂ ಬಲವಾದ ಚಂಡಮಾರುತಗಳು ಹೆಚ್ಚಾಗಿ ಏಳುತ್ತಿವೆ. 2017ರ ಓಖಿ, 2019ರ ಕ್ಯಾರ್, 2021ರ ಮೇ ತಿಂಗಳಿನ ತೌಕ್ತೆ ಇವು ಮಂಗಳೂರಿನ ದಡವನ್ನು ನೇರವಾಗಿ ಹೊಡೆಯದೆ ದೂರದಿಂದಲೇ ಹಾದುಹೋದುವು; ಆದರೂ ಅವುಗಳ ಅಲೆಗಳು ಇಲ್ಲಿಯವರೆಗೆ ಬಂದುವು. ತೌಕ್ತೆಯು ಬಂದುದು ಪತ್ತನಾಜೆಗೂ ಮೊದಲು, ದಡವು ಬೇಸಗೆಯ ಹೊಯಿಗೆಯನ್ನು ಕೂಡಿಟ್ಟುಕೊಂಡು ಮಳೆಗಾಲವನ್ನು ಎದುರು ನೋಡುವ ದಿನಗಳಲ್ಲಿ. ಕೂಡಿಟ್ಟುದನ್ನು ಅದು ಕೊಂಡೊಯ್ದ ಕೆಲವೇ ವಾರಗಳಲ್ಲಿ ಮುಂಗಾರು ಬಂತು.

ಶಾಸನದ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು ಭರತರೇಖೆಯಿಂದ 500 ಮೀಟರುಗಳವರೆಗಿನ ನೆಲವನ್ನು ನಿಯಂತ್ರಣಕ್ಕೆ ಒಳಪಡಿಸಿ, ಗ್ರಾಮಪ್ರದೇಶದಲ್ಲಿ ಮೊದಲ 200 ಮೀಟರಿನಲ್ಲಿ ಹೊಸ ಕಟ್ಟಡವನ್ನು ನಿಷೇಧಿಸಿತ್ತು. 2011ರಲ್ಲಿ ಅದನ್ನು ಪರಿಷ್ಕರಿಸಿದರು. 2019ರ ಅಧಿಸೂಚನೆಯಲ್ಲಿ ಜನಸಾಂದ್ರತೆ ಹೆಚ್ಚಿರುವ ಗ್ರಾಮಪ್ರದೇಶಗಳಿಗೆ ಈ 200 ಮೀಟರನ್ನು 50ಕ್ಕೆ ಇಳಿಸಿದರು. ಹೆಚ್ಚು ಜನರಿರುವಲ್ಲಿ ಕಡಲಿಗೆ ಹೆಚ್ಚು ಸಮೀಪ ಕಟ್ಟಬಹುದೆಂಬ ಈ ನ್ಯಾಯವು ನಮಗೆ ಅರ್ಥವಾಗಲಿಲ್ಲ. ಅಲ್ಲದೆ, ಕೊರೆಯುವ ದಡದಲ್ಲಿ ಭರತರೇಖೆಯೇ ಒಂದು ಕಡೆ ನಿಲ್ಲತಕ್ಕದ್ದಲ್ಲ. ರಾಷ್ಟ್ರೀಯ ಕರಾವಳಿ ಸಂಶೋಧನ ಕೇಂದ್ರದವರು ಉಪಗ್ರಹದ ಚಿತ್ರಗಳಿಂದ 1990ರಿಂದ 2018ರವರೆಗಿನ ಬದಲಾವಣೆಯನ್ನು ಅಳೆದು, ಭಾರತದ ಕರಾವಳಿಯ ಶೇಕಡ 33.6 ಭಾಗ ಕೊರೆತಕ್ಕೆ ಒಳಗಾಗಿದೆಯೆಂದು ಹೇಳಿದ್ದಾರೆ. ಮೂರರಲ್ಲಿ ಒಂದು ಪಾಲು ಹೀಗೆ ಸರಿಯುತ್ತಿರುವಾಗ ನಕ್ಷೆಯ ಮೇಲಿನ ಗೆರೆಯಿಂದ 50 ಮೀಟರೆಂದರೆ ಎಷ್ಟು ವರ್ಷಗಳ 50 ಮೀಟರೆಂದು ಕೇಳಬೇಕಾಗುತ್ತದೆ.

ಪರಿಹಾರವೆಂಬ ದೊಡ್ಡ ಮಾತನ್ನು ಆಡಲು ನಾವು ಹಿಂಜರಿಯುತ್ತೇವೆ. ಆದರೂ ಹೊಯಿಗೆಯ ಕೊರತೆಯನ್ನು ಹೊಯಿಗೆಯಿಂದಲೇ ತುಂಬಬೇಕೆಂಬುದು ಸ್ಪಷ್ಟ. ಹಾಲೆಂಡಿನವರು 2011ರಲ್ಲಿ ಹೇಗ್ ನಗರದ ಬಳಿ ಎರಡು ಕೋಟಿಗೂ ಹೆಚ್ಚು ಘನಮೀಟರು ಹೊಯಿಗೆಯನ್ನು ಒಂದೇ ಕಡೆ ಸುರಿದು, ಅದನ್ನು ಹಂಚುವ ಕೆಲಸವನ್ನು ಅಲೆಗೂ ಗಾಳಿಗೂ ಬಿಟ್ಟರು. ನಮ್ಮಲ್ಲಿ ಅಂತಹ ಹಣವೂ ಯಂತ್ರಬಲವೂ ಇಲ್ಲವೆಂದರೆ ಒಪ್ಪೋಣ. ಆದರೆ ಅಳಿವೆ ಬಾಗಿಲಿನ ದಿಬ್ಬದಿಂದ ದೋಣಿಗಳ ಅನುಕೂಲಕ್ಕಾಗಿ ಎತ್ತುವ ಹೊಯಿಗೆಯು ಊರೊಳಗಿನ ಕಟ್ಟಡಕ್ಕೆ ಹೋಗುವುದರ ಬದಲು, ಒಂದೆರಡು ಮೈಲಿ ದಕ್ಷಿಣಕ್ಕೆ, ಅದು ತಾನಾಗಿಯೇ ಹೋಗಬೇಕಾಗಿದ್ದ ದಡಕ್ಕೆ ಹೋಗಬಾರದೇಕೆ? ನವಮಂಗಳೂರು ಬಂದರಿನಲ್ಲಿ ವರ್ಷವರ್ಷ ಎತ್ತುವ ಹೂಳಿನ ವಿಷಯ ಬೇರೆ. ಅದರಲ್ಲಿ ಬಹುಭಾಗ ಕೆಸರು, ದಡಕ್ಕೆ ಅದು ನಿಲ್ಲದು. ದಡದ ಮೇಲ್ಗಡೆ ಅಡುಂಬು ಬಳ್ಳಿಯನ್ನೂ ರಾವಣನ ಮೀಸೆ ಹುಲ್ಲನ್ನೂ ಕಿತ್ತು ಸಪಾಟು ಮಾಡಿ ಉದ್ಯಾನ ಮಾಡುವ ಹವ್ಯಾಸವನ್ನಂತೂ ಒಂದು ಕಾಸೂ ವೆಚ್ಚವಿಲ್ಲದೆ ಬಿಡಬಹುದು. ಗಾಳಿಗೆ ಹಾರುವ ಹೊಯಿಗೆಯನ್ನು ಹಿಡಿದು ದಿಬ್ಬ ಕಟ್ಟುವವು ಇಂತಹ ಸಸ್ಯಗಳೇ.

ಇದೆಲ್ಲಕ್ಕೂ ಮೊದಲು ಅಳತೆ ಬೇಕು. ದಡದ ಅಳತೆಗೆ ಉಪಗ್ರಹವೇ ಬೇಕೆಂದಿಲ್ಲ. ಅಲುಗದ ಗುರುತೊಂದು, ಎರಡು ಕೋಲು, ಒಂದು ಹಗ್ಗ ಇವಿಷ್ಟಿದ್ದರೆ ದಡದ ಇಳಿಜಾರನ್ನು ಹೆಜ್ಜೆಹೆಜ್ಜೆಗೆ ಅಳೆದು ಕಾಗದದ ಮೇಲೆ ಇಳಿಸಬಹುದು. ಪದವಿ ತರಗತಿಯ ವಿದ್ಯಾರ್ಥಿಗಳು ಒಂದು ಬೆಳಗಿನ ಇಳಿತದ ಹೊತ್ತಿನಲ್ಲಿ ಮುಗಿಸಬಹುದಾದ ಕೆಲಸವಿದು. ಪಣಂಬೂರಿನಿಂದ ಉಚ್ಚಿಲದವರೆಗೆ ದಡಕ್ಕೆ ಹತ್ತಿರವಾಗಿರುವ ಒಂದೊಂದು ಕಾಲೇಜು ಒಂದೊಂದು ಸ್ಥಳವನ್ನು ವಹಿಸಿಕೊಂಡು, ಪತ್ತನಾಜೆಯ ಸುಮಾರಿಗೆ ಒಮ್ಮೆ, ಮಳೆ ಹಿಂಜರಿದ ಸೆಪ್ಟೆಂಬರಿನಲ್ಲಿ ಒಮ್ಮೆ, ಫೆಬ್ರವರಿಯಲ್ಲಿ ಒಮ್ಮೆ ಹೀಗೆ ಅಳೆದರೆ, ಐದಾರು ವರ್ಷಗಳಲ್ಲಿ ಹೋದ ಹೊಯಿಗೆ ಯಾವುದು, ಹಿಂದಿರುಗಿದ್ದು ಯಾವುದು ಎಂಬುದು ಅಂಕಿಗಳಲ್ಲಿ ಕಾಣತೊಡಗುತ್ತದೆ. ಗುರುತಿಗೆ ತೆಂಗಿನ ಮರವನ್ನು ಆರಿಸಬಾರದು. ಮುಂದಿನ ಅಳತೆಯ ಹೊತ್ತಿಗೆ ಅದು ಅಲ್ಲಿರುತ್ತದೆಂಬ ಭರವಸೆಯಿಲ್ಲ. ರಸ್ತೆಯ ಮೋರಿಯನ್ನೋ ದೇವಸ್ಥಾನದ, ಮಸೀದಿಯ ಮೆಟ್ಟಿಲನ್ನೋ ಆರಿಸುವುದು ಲೇಸು.